ಚಾಂಪಿಯನ್ ರೀಫ್‌ನಿಂದ ಕಂಡ ಆಕಾಶ

ಆಕಾಶ ನೋಡುವವರು ಬೆಟ್ಟ ಹತ್ತುತ್ತಾರೆ. ದೂಳು, ಮೋಡ, ಊರಿನ ದೀಪ ಇವೆಲ್ಲ ಕೆಳಗೆ ಉಳಿದಷ್ಟೂ ದೂರದರ್ಶಕಕ್ಕೆ ಒಳ್ಳೆಯದು. ಆದರೆ 1960ರ ದಶಕದಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲಿ ಇದಕ್ಕೆ ತೀರ ತದ್ವಿರುದ್ಧವಾದ ಕೆಲಸವೊಂದು ನಡೆಯಿತು. ಕೆಲವು ವಿಜ್ಞಾನಿಗಳು ಗಣಿ ಕಾರ್ಮಿಕರ ಜೊತೆ ಕೇಜ್ ಹತ್ತಿ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್‌ನಲ್ಲಿ 7,600 ಅಡಿ ಕೆಳಗಿಳಿದು, ಅಲ್ಲಿ ಕುಳಿತು ಆಕಾಶದಿಂದ ಬರುವುದೊಂದನ್ನು ಕಾದರು. ಅದು ಬಂತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಸಿಕ್ಕಿತೆಂಬ ವಿಷಯ ಜಗತ್ತಿನಲ್ಲೇ ಮೊದಲು ಅಚ್ಚಾದದ್ದು ಈ ಗಣಿಯ ಹೆಸರಿನಲ್ಲಿ, 1965ರ ಆಗಸ್ಟ್‌ನಲ್ಲಿ.

ಕೆಜಿಎಫ್ ಅಂದರೆ ಚಿನ್ನ, ಸೈನೈಡ್ ಗುಡ್ಡ, ಮುಚ್ಚಿದ ಗಣಿ, ಈಚೆಗೆ ಸಿನಿಮಾ. ಬಂಗಾರಪೇಟೆ ಅಂದರೆ ಜಂಕ್ಷನ್, ಪಾನಿಪುರಿ, ಬೆಳಗಾಗುವ ಮೊದಲೇ ಬೆಂಗಳೂರಿಗೆ ರೈಲು ಹಿಡಿಯುವ ಜನ. ಈ ಪಟ್ಟಿಗೆ ಆಕಾಶವೂ ಸೇರಬೇಕು ಎನ್ನುವುದು ನನ್ನ ವಾದ. ನಕ್ಷತ್ರ, ಗ್ರಹ, ಗೆಲಕ್ಸಿ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಮಕ್ಕಳು ಎರಡು ಅಂಕದ ಉತ್ತರ ಬಾಯಿಪಾಠ ಮಾಡುತ್ತಾರೆ. ಈ ಜಿಲ್ಲೆಯಲ್ಲಿ ಅದಕ್ಕಿಂತ ಒಳ್ಳೆಯ ದಾರಿ ಇದೆ. ಇಲ್ಲಿನ ನೆಲ, ಇಲ್ಲಿನ ಮಳೆ, ಇಲ್ಲಿನ ಚಿನ್ನ ಇಟ್ಟುಕೊಂಡೇ ಆ ಮೂರನ್ನೂ ವಿವರಿಸಬಹುದು.

ಮಳೆಯಿಂದಲೇ ಶುರು ಮಾಡೋಣ. ಜೂನ್ ಕೊನೆಯ ವಾರ ಬಂತೆಂದರೆ ನಮ್ಮ ರೈತರು ಆರಿದ್ರೆ ಮಳೆಯ ಮಾತಾಡುತ್ತಾರೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಭೂಮಿ ಸೂರ್ಯನ ಸುತ್ತ ಹೋಗುವುದರಿಂದ, ನಮ್ಮ ಕಣ್ಣಿಗೆ ಸೂರ್ಯನ ಹಿಂದಿನ ಹಿನ್ನೆಲೆ ವರ್ಷವಿಡೀ ಬದಲಾಗುತ್ತ ಹೋಗುತ್ತದೆ. ಆ ದಾರಿಯನ್ನು ಹಿರಿಯರು ಇಪ್ಪತ್ತೇಳು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರಿಟ್ಟರು. ಸೂರ್ಯ ಒಂದು ಭಾಗ ದಾಟಲು ಹದಿಮೂರು ಹದಿನಾಲ್ಕು ದಿನ. ಆರಿದ್ರೆ ಮಳೆ ಎಂದರೆ ಸೂರ್ಯ ಆರ್ದ್ರಾ ನಕ್ಷತ್ರದ ಭಾಗದಲ್ಲಿರುವಾಗ ಬೀಳುವ ಮಳೆ. ಹಾಗಾಗಿ ಆ ಮಳೆಯ ದಿನಗಳಲ್ಲಿ ಆರ್ದ್ರಾ ನಮಗೆ ಕಾಣುವುದೇ ಇಲ್ಲ, ಅದು ಹಗಲಿನ ಆಕಾಶದಲ್ಲಿರುತ್ತದೆ. ಅದನ್ನು ನೋಡಬೇಕಾದರೆ ಜನವರಿಯ ಸಂಜೆ ಏಳೂವರೆ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ಒಂದೇ ಸಾಲಿನಲ್ಲಿ ಒತ್ತಾಗಿ ಮೂರು ಚುಕ್ಕೆಗಳು ಕಾಣುತ್ತವೆ. ಅವುಗಳ ಎಡಗಡೆ, ಸ್ವಲ್ಪ ದೂರದಲ್ಲಿ, ಕೆಂಡದ ಬಣ್ಣಕ್ಕೆ ಹೊಳೆಯುವ ಒಂಟಿ ಚುಕ್ಕೆಯೇ ಆರ್ದ್ರಾ. ಇಂಗ್ಲಿಷ್ ಪುಸ್ತಕಗಳಲ್ಲಿ ಬೀಟಲ್‌ಜ್ಯೂಸ್ ಎಂದು ಓದಿರುವುದು ಇದನ್ನೇ.

ನಕ್ಷತ್ರವೆಂದರೆ ತನ್ನೊಳಗೆ ತಾನೇ ಬೆಳಕು ಹುಟ್ಟಿಸಿಕೊಳ್ಳುವ ಅನಿಲದ ದೊಡ್ಡ ಉಂಡೆ. ಹೆಚ್ಚಿನ ಪಾಲು ಹೈಡ್ರೋಜನ್, ಉಳಿದದ್ದರಲ್ಲಿ ಬಹುಪಾಲು ಹೀಲಿಯಂ. ತನ್ನದೇ ಭಾರಕ್ಕೆ ಅದು ಒಳಕ್ಕೆ ಕುಸಿಯಲು ನೋಡುತ್ತದೆ. ಕುಸಿದಂತೆ ಗರ್ಭ ಕಾಯುತ್ತದೆ. ಕೋಟಿ ಡಿಗ್ರಿ ದಾಟಿದ ಮೇಲೆ ಹೈಡ್ರೋಜನ್ ಪರಮಾಣುಗಳ ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಆ ಬೆಸುಗೆಯಲ್ಲಿ ಹೊರಬರುವ ಶಕ್ತಿ ಕುಸಿತವನ್ನು ತಡೆದು ನಿಲ್ಲಿಸುತ್ತದೆ. ಒಳಕ್ಕೆ ಎಳೆಯುವ ಭಾರ ಒಂದು ಕಡೆ, ಹೊರಕ್ಕೆ ತಳ್ಳುವ ಶಾಖ ಇನ್ನೊಂದು ಕಡೆ. ಈ ಎರಡರ ಹೊಂದಾಣಿಕೆ ಎಷ್ಟು ಕಾಲ ನಡೆಯುತ್ತದೋ ಅಷ್ಟು ಕಾಲ ನಕ್ಷತ್ರಕ್ಕೆ ಆಯುಸ್ಸು. ನಮ್ಮ ಸೂರ್ಯ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆಯುತ್ತಾನೆ. ಹೀಗೆ ಸುಮಾರು 460 ಕೋಟಿ ವರ್ಷಗಳಿಂದ ನಡೆದಿದೆ, ಇನ್ನೂ ಹೆಚ್ಚುಕಡಿಮೆ ಅಷ್ಟೇ ಕಾಲ ನಡೆಯಲಿದೆ.

ಆ ಬೆಸುಗೆಯಲ್ಲಿ ಬೆಳಕಿನ ಜೊತೆ ಇನ್ನೊಂದೂ ಹುಟ್ಟುತ್ತದೆ, ಅದೇ ನ್ಯೂಟ್ರಿನೊ. ಸೂರ್ಯನ ಗರ್ಭದಲ್ಲಿ ಹುಟ್ಟಿದ ಬೆಳಕಿನ ಶಕ್ತಿ ಅಲ್ಲಿನ ದಟ್ಟಣೆಯಲ್ಲಿ ತಡವರಿಸುತ್ತ ಮೇಲ್ಮೈಗೆ ಬರಲು ಸಾವಿರಾರು ವರ್ಷಗಳೇ ಬೇಕು. ನ್ಯೂಟ್ರಿನೊ ಎರಡು ಮೂರು ಸೆಕೆಂಡಿನಲ್ಲಿ ಹೊರಬೀಳುತ್ತದೆ. ಅಲ್ಲಿಂದ ಎಂಟು ನಿಮಿಷ ಚಿಲ್ಲರೆಗೆ ಭೂಮಿ ಮುಟ್ಟಿ, ಭೂಮಿಯನ್ನೂ ತೂರಿಕೊಂಡು ಆಚೆ ಹೋಗುತ್ತದೆ. ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಈ ಒಂದು ಸೆಕೆಂಡಿನೊಳಗೆ ಸುಮಾರು 6,500 ಕೋಟಿ ಸೂರ್ಯನ ನ್ಯೂಟ್ರಿನೊಗಳು ಹಾದುಹೋದವು. ರಾತ್ರಿಯೂ ಅಷ್ಟೇ, ಆಗ ಅವು ನೆಲದ ಕೆಳಗಿನಿಂದ ಮೇಲಕ್ಕೆ ಬರುತ್ತವೆ. ಯಾವುದಕ್ಕೂ ಸಿಕ್ಕಿಬೀಳದ ಈ ಕಣದ ಬೆನ್ನು ಹತ್ತಿಯೇ ವಿಜ್ಞಾನಿಗಳು ಕೆಜಿಎಫ್‌ಗೆ ಬಂದದ್ದು. ಅಲ್ಲಿಗೆ ಹೋಗುವ ಮೊದಲು ನಕ್ಷತ್ರದ ಸಾವಿನ ವಿಚಾರ ಮುಗಿಸಬೇಕು, ಚಿನ್ನದ ಹುಟ್ಟು ಅಲ್ಲಿದೆ.

ನಕ್ಷತ್ರದ ಹಣೆಬರಹ ಬರೆಯುವುದು ಅದರ ತೂಕ. ಸೂರ್ಯನಂಥ ಸಾಧಾರಣ ತೂಕದ ನಕ್ಷತ್ರ ಮುಪ್ಪಿನಲ್ಲಿ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಮೇಲಿನ ಪದರಗಳು ನಿಧಾನಕ್ಕೆ ಕಳಚಿಹೋಗಿ ಕೊನೆಗೆ ಭೂಮಿಯಷ್ಟು ಗಾತ್ರದ, ತುಂಬ ಒತ್ತಾದ ಬಿಳಿ ಕುಬ್ಜ ಉಳಿಯುತ್ತದೆ. ರೋಹಿಣಿ ಮಳೆಗೆ ಹೆಸರು ಕೊಟ್ಟ ರೋಹಿಣಿ ನಕ್ಷತ್ರ ಈಗಾಗಲೇ ಕೆಂಪು ದೈತ್ಯ. ಆರ್ದ್ರೆಯ ದಾರಿ ಬೇರೆ. ಅದು ಸೂರ್ಯನಿಗಿಂತ ಹತ್ತಾರು ಪಟ್ಟು ತೂಕದ ಮಹಾದೈತ್ಯ. ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ ಹೋಗುತ್ತವೆ. ಇಂಥ ನಕ್ಷತ್ರ ಹೀಲಿಯಂ ಆದ ಮೇಲೆ ಇಂಗಾಲ, ಆಮ್ಲಜನಕ, ಸಿಲಿಕಾನ್ ಎಂದು ಒಂದೊಂದನ್ನೇ ಬೆಸೆಯುತ್ತ ಕಬ್ಬಿಣದವರೆಗೆ ಬರುತ್ತದೆ. ಕಬ್ಬಿಣ ಬೆಸೆದರೆ ಶಕ್ತಿ ಸಿಗುವುದಿಲ್ಲ, ಕೈಯಿಂದಲೇ ಹಾಕಬೇಕು. ಅಲ್ಲಿಗೆ ಒಲೆ ಆರಿತು. ಗರ್ಭ ಒಂದೇ ಸೆಕೆಂಡಿನೊಳಗೆ ಕುಸಿದು, ಹೊರಮೈ ಸಿಡಿದುಹೋಗುತ್ತದೆ. ಅದು ಸೂಪರ್‌ನೋವಾ. 2019ರ ಕೊನೆಯಲ್ಲಿ ಆರ್ದ್ರಾ ಇದ್ದಕ್ಕಿದ್ದಂತೆ ಮಂಕಾದಾಗ ಇದು ಸಿಡಿಯುವ ಕಾಲವೇ ಎಂದು ಜಗತ್ತೆಲ್ಲ ನೋಡಿತು. ಅದು ತಾನೇ ಉಗುಳಿದ ದೂಳಿನ ಮರೆಯಲ್ಲಿ ಮಂಕಾಗಿತ್ತೆಂದು ಆಮೇಲೆ ತಿಳಿಯಿತು. ಸಿಡಿಯುವುದು ಮಾತ್ರ ಖಚಿತ. ನಾಳೆಯೂ ಆಗಬಹುದು, ಲಕ್ಷ ವರ್ಷವೂ ಹಿಡಿಯಬಹುದು.

ಸಿಡಿದ ಮೇಲೆ ಉಳಿಯುವ ಗರ್ಭ ಅತಿ ಭಾರವಾಗಿದ್ದರೆ ಕಪ್ಪುಕುಳಿಯಾಗುತ್ತದೆ. ಅಲ್ಲಿಂದ ಬೆಳಕೂ ಹೊರಬರಲಾರದು. ಅಷ್ಟು ಭಾರವಿಲ್ಲದಿದ್ದರೆ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚು ತೂಕವೆಲ್ಲ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಅಗಲದ ಉಂಡೆಗೆ ಇಳಿದಿರುತ್ತದೆ. ಕೋಲಾರದಿಂದ ಬಂಗಾರಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಅಷ್ಟು ದೂರವಾಯಿತು.

2017ರ ಆಗಸ್ಟ್ 17ರಂದು ಅಮೆರಿಕದ ಲೈಗೊ ಮತ್ತು ಇಟಲಿಯ ವರ್ಗೊ ಉಪಕರಣಗಳು, ಇಂಥ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತಿ ಡಿಕ್ಕಿ ಹೊಡೆದಾಗ ಎದ್ದ ಗುರುತ್ವದ ಅಲೆಯನ್ನು ಹಿಡಿದವು. ಘಟನೆ ನಡೆದದ್ದು ಎನ್‌ಜಿಸಿ 4993 ಎಂಬ ಗೆಲಕ್ಸಿಯಲ್ಲಿ, ನಮ್ಮಿಂದ ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರ. ಮುಂದಿನ ದಿನಗಳಲ್ಲಿ ಜಗತ್ತಿನ ದೂರದರ್ಶಕಗಳೆಲ್ಲ ಅತ್ತ ತಿರುಗಿ ಆ ಬೆಳಕನ್ನು ಬಿಡಿಸಿ ನೋಡಿದಾಗ, ಭಾರವಾದ ಮೂಲವಸ್ತುಗಳು ಅಲ್ಲಿ ಹೊಸದಾಗಿ ಹುಟ್ಟಿರುವ ಲಕ್ಷಣ ಸ್ಪಷ್ಟವಾಗಿ ಸಿಕ್ಕಿತು. ಭೂಮಿಯ ತೂಕದ ಹಲವು ಪಟ್ಟು ಚಿನ್ನ ಆ ಒಂದೇ ಡಿಕ್ಕಿಯಲ್ಲಿ ಆಗಿರಬೇಕೆಂಬುದು ಅಂದಾಜು. ಕಬ್ಬಿಣದಿಂದ ಮುಂದಕ್ಕೆ, ಚಿನ್ನದಷ್ಟು ಭಾರದ ವಸ್ತು ಹುಟ್ಟಬೇಕಾದರೆ ನ್ಯೂಟ್ರಾನುಗಳು ಸುರಿಮಳೆಯಾಗಿ ಬಂದು ಪರಮಾಣು ಬೀಜಕ್ಕೆ ಅಂಟಬೇಕು. ಡಿಕ್ಕಿಯಲ್ಲೋ, ಅಪರೂಪದ ಕೆಲವು ಸ್ಫೋಟಗಳಲ್ಲೋ ಮಾತ್ರ ಅದಕ್ಕೆ ಅನುಕೂಲ. ಸೂರ್ಯನಂಥ ನಕ್ಷತ್ರಕ್ಕೆ ಅದು ಸಾಧ್ಯವಿಲ್ಲ.

ಹಾಗಾದರೆ ಕೆಜಿಎಫ್ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಮೇಲೆ ಬಂದ ಸುಮಾರು 800 ಟನ್ ಚಿನ್ನ? ಅದರ ಒಂದು ಕಣವೂ ಭೂಮಿಯಲ್ಲಿ ಹುಟ್ಟಿದ್ದಲ್ಲ. ಸೂರ್ಯ ಹುಟ್ಟುವ ಮೊದಲೇ ಯಾವುದೋ ನಕ್ಷತ್ರಗಳ ಸಾವಿನಲ್ಲಿ ಹುಟ್ಟಿ, ಅನಿಲ ಮತ್ತು ದೂಳಿನ ಮೋಡದಲ್ಲಿ ಬೆರೆತು ಅಲೆಯುತ್ತಿತ್ತು. ಇಂಥ ಮೋಡವನ್ನು ನೀಹಾರಿಕೆ ಎನ್ನುತ್ತೇವೆ. ಆರ್ದ್ರೆಯ ಪಕ್ಕದ ಮೂರು ಚುಕ್ಕೆಗಳಿಂದ ತುಸು ಆಚೆ ಮಬ್ಬಾಗಿ ಕಾಣುವ ಕಲೆ ಅಂಥದ್ದೇ ಒಂದು ನೀಹಾರಿಕೆ, ಅಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮ ಸೂರ್ಯನೂ ಅಂಥ ಮೋಡವೊಂದು ಕುಸಿದಾಗ ಹುಟ್ಟಿದ. ಉಳಿದ ದೂಳು ಸುತ್ತ ತಟ್ಟೆಯಾಗಿ ಹರಡಿ, ಕಣಕ್ಕೆ ಕಣ ಕೂಡಿ ಗ್ರಹಗಳಾದವು. ಕೆಜಿಎಫ್‌ನ ಯಾವ ತಾಯಿಯ ಕೊರಳಿನ ತಾಳಿಯನ್ನು ಕೇಳಿದರೂ ಅದರ ವಯಸ್ಸು ಸೂರ್ಯನಿಗಿಂತ ಹೆಚ್ಚು.

ಈಗ ಗ್ರಹ. ಸ್ವಂತ ಬೆಳಕಿಲ್ಲ, ನಕ್ಷತ್ರವನ್ನು ಸುತ್ತುತ್ತದೆ, ತನ್ನ ಭಾರಕ್ಕೆ ತಾನೇ ದುಂಡಗಾಗುವಷ್ಟು ದೊಡ್ಡದು, ತನ್ನ ದಾರಿಯಲ್ಲಿ ಸರಿಸಮನಾದ ಇನ್ನೊಂದನ್ನು ಉಳಿಸಿಕೊಂಡಿಲ್ಲ. ಕೊನೆಯ ಷರತ್ತನ್ನು ಪೂರೈಸದ ಕಾರಣ 2006ರಲ್ಲಿ ಪ್ಲೂಟೊ ಕುಬ್ಜಗ್ರಹವಾಯಿತು, ಸೂರ್ಯನ ಗ್ರಹಗಳು ಎಂಟೇ ಉಳಿದವು. ನಮ್ಮ ದೇವಸ್ಥಾನಗಳಲ್ಲಿ ಪ್ರದಕ್ಷಿಣೆ ಹಾಕುವ ನವಗ್ರಹದ ಲೆಕ್ಕ ಬೇರೆ. ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತ ಹೋಗುವ ಎಲ್ಲವನ್ನೂ ಅದು ಒಟ್ಟುಗೂಡಿಸಿತು: ನಕ್ಷತ್ರವಾದ ಸೂರ್ಯ, ಉಪಗ್ರಹವಾದ ಚಂದ್ರ, ಕಣ್ಣಿಗೆ ಕಾಣುವ ಐದು ಗ್ರಹಗಳು, ಜೊತೆಗೆ ರಾಹು ಮತ್ತು ಕೇತು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಅಡ್ಡಹಾಯುವ ಎರಡು ಬಿಂದುಗಳೇ ರಾಹು ಕೇತು. ಗ್ರಹಣ ಆಗುವುದು ಸೂರ್ಯಚಂದ್ರರಿಬ್ಬರೂ ಆ ಬಿಂದುಗಳ ಹತ್ತಿರ ಬಂದಾಗಲೇ. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಇಷ್ಟು ಲೆಕ್ಕ ಹಿಡಿದವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಗಾತ್ರ ಮತ್ತು ದೂರಗಳನ್ನು ನಮ್ಮ ಊರಿನ ಅಳತೆಗೆ ಇಳಿಸಿ ನೋಡೋಣ. ಹದಿನಾಲ್ಕು ಸೆಂಟಿಮೀಟರ್ ಅಗಲದ ದೊಡ್ಡ ರಾಗಿ ಮುದ್ದೆಯೊಂದನ್ನು ಸೂರ್ಯನೆಂದು ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಇಡಿ. ಅದೇ ಅಳತೆಗೆ ಭೂಮಿ ಒಂದು ಹಸಿ ರಾಗಿ ಕಾಳು. ಮುದ್ದೆಯಿಂದ ಹದಿನೈದು ಮೀಟರ್ ದೂರದಲ್ಲಿ ಆ ಕಾಳನ್ನಿಡಬೇಕು. ಗುರು ಒಂದು ನೆಲ್ಲಿಕಾಯಿಗಿಂತ ಚಿಕ್ಕದು, 78 ಮೀಟರ್ ಆಚೆ. ಕಡೆಯ ಗ್ರಹ ನೆಪ್ಚೂನ್ 450 ಮೀಟರ್ ಆಚೆ. ಅಲ್ಲಿಗೆ ಗ್ರಹಗಳು ಮುಗಿದವು. ಸೂರ್ಯನಿಗೆ ಅತಿ ಹತ್ತಿರದ ಇನ್ನೊಂದು ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಎಲ್ಲಿರಬೇಕು ಗೊತ್ತೇ? ಸುಮಾರು 4,000 ಕಿಲೋಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಹಾಂಕಾಂಗ್‌ನಲ್ಲಿ.

ಮತ್ತೆ ಚಿನ್ನಕ್ಕೆ ಬರೋಣ. ಭೂಮಿ ಕರಗಿ ಕುದಿಯುತ್ತಿದ್ದ ಎಳೆಯ ಕಾಲದಲ್ಲಿ ಕಬ್ಬಿಣದ ಜೊತೆ ಚಿನ್ನದ ಬಹುಪಾಲು ಗರ್ಭಕ್ಕೆ ಇಳಿದುಹೋಯಿತು. ಮೇಲ್ಪದರದಲ್ಲಿ ಈಗಿರುವ ಚಿನ್ನ ಆಮೇಲೆ ಬಿದ್ದ ಉಲ್ಕಾಶಿಲೆಗಳ ಜೊತೆ ಬಂದದ್ದು ಎಂಬ ವಿವರಣೆಯನ್ನು ಬಹಳ ಮಂದಿ ಭೂವಿಜ್ಞಾನಿಗಳು ಒಪ್ಪುತ್ತಾರೆ. ಸುಮಾರು 270 ಕೋಟಿ ವರ್ಷ ಹಳೆಯ ಕೋಲಾರದ ಶಿಲಾಪಟ್ಟಿಯಲ್ಲಿ, ಬಿರುಕುಗಳ ಮೂಲಕ ಮೇಲೆದ್ದ ಬಿಸಿ ದ್ರವ ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಇಳಿಸಿತು. ಆ ಬೆಣಚುಕಲ್ಲಿನ ಎಳೆಯ ಹಿಂದೆಯೇ 1880ರಲ್ಲಿ ಜಾನ್ ಟೇಲರ್ ಕಂಪನಿ ಇಳಿಯಿತು. ಎಳೆ ಆಳಕ್ಕೆ ಹೋದಂತೆ ಗಣಿಯೂ ಹೋಯಿತು. ಕೊನೆಗೆ ಚಾಂಪಿಯನ್ ರೀಫ್ ಮೂರು ಕಿಲೋಮೀಟರ್ ದಾಟಿ, ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು.

ಈ ಆಳವೇ ವಿಜ್ಞಾನಿಗಳನ್ನು ಕರೆದದ್ದು. ಬಾಹ್ಯಾಕಾಶದಿಂದ ಭೂಮಿಯ ಮೇಲೆ ಸದಾ ಕಣಗಳು ಸುರಿಯುತ್ತಿರುತ್ತವೆ. ಹೆಚ್ಚಿನವು ಪ್ರೋಟಾನುಗಳು, ಸಿಡಿದ ನಕ್ಷತ್ರಗಳ ಸುತ್ತ ವೇಗ ಪಡೆದು ಬಂದಂಥವು. ಇವನ್ನು ವಿಶ್ವಕಿರಣ ಎನ್ನುತ್ತಾರೆ. ಅವು ವಾತಾವರಣದ ಮೇಲ್ಭಾಗಕ್ಕೆ ಬಡಿದಾಗ ಬೇರೆ ಕಣಗಳು ಹುಟ್ಟಿ, ಕೊನೆಗೆ ನೆಲಕ್ಕೆ ಮುಟ್ಟುವುದರಲ್ಲಿ ಮ್ಯೂಆನ್ ಮತ್ತು ನ್ಯೂಟ್ರಿನೊ ಮುಖ್ಯ. ಅಂಗೈ ಚಾಚಿ ನಿಂತರೆ ಸೆಕೆಂಡಿಗೆ ಒಂದೆರಡು ಮ್ಯೂಆನ್ ಅದನ್ನು ದಾಟುತ್ತವೆ. ಈ ಗದ್ದಲದ ನಡುವೆ ನ್ಯೂಟ್ರಿನೊದ ಅಪರೂಪದ ಗುರುತನ್ನು ಹುಡುಕಲಾಗದು. ಮ್ಯೂಆನುಗಳನ್ನು ತಡೆಯಲು ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಬೇಕು.

ಹೋಮಿ ಭಾಭಾ ಅವರ ಸಲಹೆಯಂತೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ 1951ರಲ್ಲಿ ಕೆಜಿಎಫ್‌ಗೆ ಉಪಕರಣ ಹೊತ್ತು ಬಂದವರು ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್. ಬೇರೆ ಬೇರೆ ಆಳದಲ್ಲಿ ಎಷ್ಟು ಮ್ಯೂಆನ್ ಉಳಿಯುತ್ತವೆಂದು ಅಳೆಯುವುದು ಅವರ ಕೆಲಸ. ಹತ್ತು ವರ್ಷದ ಮೇಲೆ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಎಸ್. ಮಿಯಾಕೆ, ಟಾಟಾ ಸಂಸ್ಥೆಯ ವಿ.ಎಸ್. ನರಸಿಂಹಂ, ಪಿ.ವಿ. ರಮಣಮೂರ್ತಿ ಸೇರಿ ಇನ್ನೂ ಆಳಕ್ಕೆ ಹೋದರು. ಅತಿ ಆಳದ ಜಾಗದಲ್ಲಿ ವಾರಗಟ್ಟಲೆ ಕಾದರೂ ಒಂದೂ ಮ್ಯೂಆನ್ ದಾಖಲಾಗಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗ ವಿಫಲವಾಯಿತೆಂದು ಗಂಟು ಕಟ್ಟುತ್ತಿದ್ದರು. ಇವರಿಗೆ ಬೇಕಾಗಿದ್ದ ನಿಶ್ಶಬ್ದ ಇದೇ ಆಗಿತ್ತು. ಎಂ.ಜಿ.ಕೆ. ಮೆನನ್ ಅವರ ಮುಂದಾಳ್ತನದಲ್ಲಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಎ.ಡಬ್ಲ್ಯು. ವುಲ್ಫೆಂಡೇಲ್ ತಂಡವನ್ನೂ ಕೂಡಿಸಿಕೊಂಡು, ನ್ಯೂಟ್ರಿನೊ ಪ್ರಯೋಗ ಶುರುವಾಯಿತು.

ಆ ಉಪಕರಣ ಹೇಗಿತ್ತೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಸುರಂಗದಲ್ಲಿ ಎದುರುಬದುರಾಗಿ ನಿಲ್ಲಿಸಿದ ಗೋಡೆಗಳು. ಗೋಡೆಯಲ್ಲಿ ಸಿಂಟಿಲೇಟರ್ ಎಂಬ ವಿಶೇಷ ಪ್ಲಾಸ್ಟಿಕ್‌ನ ಹಲಗೆಗಳು. ವಿದ್ಯುದಂಶವಿರುವ ಕಣ ಹಾದುಹೋದರೆ ಆ ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಸಣ್ಣಗೆ ಮಿನುಗುತ್ತದೆ, ಬೆನ್ನಿಗಿರುವ ಕೊಳವೆ ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಎರಡು ಗೋಡೆಗಳೂ ಒಂದೇ ಹೊತ್ತಿಗೆ ಮಿನುಗಿದರೆ ಕಣವೊಂದು ಈ ಕಡೆಯಿಂದ ಆ ಕಡೆಗೆ ಹೋಗಿದೆ ಎಂದರ್ಥ. ಆ ಕ್ಷಣವೇ ನಡುವೆ ಸಾಲಾಗಿ ಜೋಡಿಸಿದ ನಿಯಾನ್ ತುಂಬಿದ ಗಾಜಿನ ಕೊಳವೆಗಳಿಗೆ ಭಾರಿ ವೋಲ್ಟೇಜ್ ಹಾಯುತ್ತದೆ. ಕಣ ದಾಟಿದ ಕೊಳವೆಗಳಷ್ಟೇ ಕೆಂಪಗೆ ಹೊತ್ತುತ್ತವೆ. ಕ್ಯಾಮೆರಾ ಫಿಲ್ಮಿನ ಮೇಲೆ ಆ ಕೆಂಪು ಚುಕ್ಕೆಗಳ ಸಾಲು ಉಳಿಯುತ್ತದೆ, ಕಣದ ದಾರಿ ಅದೇ.

ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ್ದರಲ್ಲಿ ಇಡೀ ಪ್ರಯೋಗದ ಜಾಣತನವಿದೆ. ಆಕಾಶದಿಂದ ಬರುವ ಮ್ಯೂಆನ್ ಏನಿದ್ದರೂ ಮೇಲಿನಿಂದ ಕೆಳಕ್ಕೆ ಬರಬೇಕು, ಅಡ್ಡಡ್ಡ ಬರಬೇಕಾದರೆ ನೂರಾರು ಕಿಲೋಮೀಟರ್ ಬಂಡೆ ಕೊರೆದು ಬರಬೇಕು. ಅದು ಸಾಧ್ಯವಿಲ್ಲ. ನ್ಯೂಟ್ರಿನೊಗೆ ಮಾತ್ರ ಎಲ್ಲ ದಿಕ್ಕೂ ಒಂದೇ. ಆದ್ದರಿಂದ ಅಡ್ಡಲಾಗಿ ಹಾದುಹೋದ ಮ್ಯೂಆನ್ ಸಿಕ್ಕಿತೆಂದರೆ ಅದು ಅಲ್ಲೇ ಪಕ್ಕದ ಬಂಡೆಯಲ್ಲಿ, ನ್ಯೂಟ್ರಿನೊ ಬಡಿದು ಹುಟ್ಟಿದ ಮ್ಯೂಆನ್. ಅಂಥವು ಕೆಲವೇ ಕೆಲವು ಸಿಕ್ಕವು, ಅಷ್ಟು ಸಾಕಾಯಿತು. ಅದೇ ಹೊತ್ತಿಗೆ ಫ್ರೆಡ್ ರೈನ್ಸ್ ಅವರ ತಂಡ ದಕ್ಷಿಣ ಆಫ್ರಿಕಾದಲ್ಲಿ ಇದೇ ಹುಡುಕಾಟ ನಡೆಸಿತ್ತು. ಅದೂ ಚಿನ್ನದ ಗಣಿಯೇ. ಕೋಲಾರದ ವರದಿ ವಿಜ್ಞಾನ ಪತ್ರಿಕೆಯೊಂದರ ಆಗಸ್ಟ್ 15ರ ಸಂಚಿಕೆಯಲ್ಲಿ ಬಂತು, ಅವರದು ಅದೇ ತಿಂಗಳ ಕೊನೆಗೆ.

ಇದು ಗಣಿಯ ಜನರ ನೆರವಿಲ್ಲದೆ ಆಗುವ ಕೆಲಸವಾಗಿರಲಿಲ್ಲ. ಕೈಮುಟ್ಟಿದರೆ ಬಿಸಿ ತಾಗುವ ಬಂಡೆ, ಅದು ಯಾವಾಗ ಸಿಡಿಯುತ್ತದೋ ಎಂಬ ಭಯ, ಗಾಳಿ ಕಳಿಸುವ ಯಂತ್ರ, ನೀರೆತ್ತುವ ಪಂಪು, ಕೇಜ್ ಓಡಿಸುವ ವೈಂಡಿಂಗ್ ಎಂಜಿನ್ನು. ಗಾಜಿನ ಕೊಳವೆಗಳು ಒಡೆಯದಂತೆ ಅಷ್ಟು ಆಳಕ್ಕೆ ಇಳಿದದ್ದೂ ಇದೇ ಶಾಫ್ಟಿನಲ್ಲಿ. ತಮಿಳು, ತೆಲುಗು, ಕನ್ನಡ ಮಾತಾಡುವ ಕಾರ್ಮಿಕರು ತೋಡಿದ ಸುರಂಗವೇ ಆ ಪ್ರಯೋಗಾಲಯ. ವಿಜ್ಞಾನದ ಚರಿತ್ರೆ ಬರೆಯುವವರು ಈ ಕೈಗಳನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

1980ರಲ್ಲಿ ನಂದಿದುರ್ಗ ಗಣಿಯಲ್ಲಿ 140 ಟನ್ ಕಬ್ಬಿಣದ ಇನ್ನೊಂದು ಉಪಕರಣ ಎದ್ದಿತು. ಪ್ರೋಟಾನ್ ಎಂದಾದರೂ ತಾನಾಗಿ ಒಡೆಯುತ್ತದೆಯೇ ಎಂದು ನೋಡಲೆಂದೇ ಕಟ್ಟಿದ ಮೊದಲ ಉಪಕರಣಗಳಲ್ಲಿ ಅದೊಂದು. ಅದಕ್ಕೆ ಖಚಿತ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ. ಜಪಾನಿನವರು ಇದೇ ಪ್ರಶ್ನೆ ಹಿಡಿದು ಕಾಮಿಯೊಕಾ ಎಂಬ ಗಣಿಯಲ್ಲಿ ನೀರಿನ ತೊಟ್ಟಿ ಕಟ್ಟಿದರು. 1987ರ ಫೆಬ್ರವರಿ 23ರಂದು ಆ ತೊಟ್ಟಿಯಲ್ಲಿ ಕೆಲವೇ ಸೆಕೆಂಡುಗಳೊಳಗೆ ಹನ್ನೊಂದು ನ್ಯೂಟ್ರಿನೊ ದಾಖಲಾದವು. ನಮ್ಮ ಗೆಲಕ್ಸಿಯ ನೆರೆಯ ಪುಟ್ಟ ಗೆಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದಿತ್ತು. ಬೆಳಕಿಗಿಂತ ಕೆಲವು ಗಂಟೆ ಮೊದಲೇ ಅದರ ನ್ಯೂಟ್ರಿನೊಗಳು ಬಂದಿದ್ದವು. ಆ ಪ್ರಯೋಗ ನಡೆಸಿದ ಕೊಶಿಬಾ ಅವರಿಗೆ 2002ರಲ್ಲಿ ನೊಬೆಲ್ ಬಂದದ್ದು ಇದಕ್ಕಾಗಿ. ಆಮೇಲೆ ವಾತಾವರಣದ ನ್ಯೂಟ್ರಿನೊಗಳು, ಅಂದರೆ ಕೆಜಿಎಫ್‌ನಲ್ಲಿ ಮೊದಲು ಸಿಕ್ಕ ಅದೇ ಬಗೆಯವು, ದಾರಿಯಲ್ಲಿ ರೂಪ ಬದಲಿಸುತ್ತವೆಂದು 1998ರಲ್ಲಿ ಅಲ್ಲೇ ತಿಳಿಯಿತು. ಅದಕ್ಕೆ 2015ರ ನೊಬೆಲ್.

ಗೆಲಕ್ಸಿ ಎಂಬ ಮಾತು ಬಂತು. ಗುರುತ್ವದಿಂದ ಒಂದಕ್ಕೊಂದು ಕಟ್ಟುಬಿದ್ದ ಕೋಟ್ಯಂತರ ನಕ್ಷತ್ರ, ಅನಿಲ, ದೂಳಿನ ಮಹಾಸಮೂಹವೇ ಗೆಲಕ್ಸಿ. ನಾವಿರುವ ಗೆಲಕ್ಸಿ ಆಕಾಶಗಂಗೆ ಅಥವಾ ಹಾಲುಹಾದಿ. ಅದರಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಇಲ್ಲಿ ಕಿಲೋಮೀಟರಿನ ಲೆಕ್ಕ ನಡೆಯುವುದಿಲ್ಲ, ಜ್ಯೋತಿರ್ವರ್ಷ ಬೇಕು. ಬೆಳಕು ಒಂದು ವರ್ಷದಲ್ಲಿ ಓಡುವ ದೂರ ಅದು, 9.46 ಲಕ್ಷ ಕೋಟಿ ಕಿಲೋಮೀಟರ್. ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ಆರ್ದ್ರಾ ಐನೂರಕ್ಕೂ ಹೆಚ್ಚು. ಅಂದರೆ ಈ ಜನವರಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ಆರ್ದ್ರೆಯ ಬೆಳಕು ಅಲ್ಲಿಂದ ಹೊರಟಾಗ ವಿಜಯನಗರ ಇನ್ನೂ ಆಳುತ್ತಿತ್ತು. ಆಕಾಶಗಂಗೆಯ ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಸೂರ್ಯ ಅದರ ಕೇಂದ್ರದಿಂದ 26,000 ಜ್ಯೋತಿರ್ವರ್ಷ ಆಚೆ ಇದ್ದುಕೊಂಡು ಇಪ್ಪತ್ತಮೂರು ಕೋಟಿ ವರ್ಷಕ್ಕೊಮ್ಮೆ ಸುತ್ತು ಹಾಕುತ್ತಾನೆ. ಕೇಂದ್ರದಲ್ಲಿ ಸುಮಾರು 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಇದೆ. ನೆರೆಯ ದೊಡ್ಡ ಗೆಲಕ್ಸಿ ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರವಿದ್ದರೂ ನವೆಂಬರ್ ಡಿಸೆಂಬರ್‌ನ ಕತ್ತಲ ಸಂಜೆಯಲ್ಲಿ ಬರಿಗಣ್ಣಿಗೆ ಮಸುಕಾಗಿ ಕಾಣುತ್ತದೆ. ಬರಿಗಣ್ಣಿಗೆ ಬಿಡಿ ಬಿಡಿಯಾಗಿ ಕಾಣುವ ಪ್ರತಿಯೊಂದು ನಕ್ಷತ್ರವೂ ನಮ್ಮ ಆಕಾಶಗಂಗೆಯದೇ. ಮೇಷ, ವೃಷಭ ಮುಂತಾದ ರಾಶಿಗಳು ಗೆಲಕ್ಸಿಗಳಲ್ಲ. ಅವು ನಮ್ಮ ಕಣ್ಣಿಗೆ ಒಟ್ಟಾಗಿ ಕಾಣುವ, ನಿಜದಲ್ಲಿ ಒಂದರಿಂದೊಂದು ದೂರವಿರಬಹುದಾದ ನಕ್ಷತ್ರಗಳ ಗುಂಪು.

ಆಕಾಶಗಂಗೆಯಿಂದಲೇ ನ್ಯೂಟ್ರಿನೊಗಳು ಬರುತ್ತಿವೆ ಎಂಬುದಕ್ಕೆ ಸಾಕ್ಷ್ಯ 2023ರಲ್ಲಿ ಸಿಕ್ಕಿತು. ದಕ್ಷಿಣ ಧ್ರುವದ ಹಿಮದಲ್ಲಿ ಒಂದು ಘನ ಕಿಲೋಮೀಟರ್ ಜಾಗಕ್ಕೆ ಉಪಕರಣ ಹೂತಿಟ್ಟ ಐಸ್‌ಕ್ಯೂಬ್ ತಂಡದ ಕೆಲಸ ಅದು. ಬೆಳಕಿಲ್ಲದೆ ಗೆಲಕ್ಸಿಯನ್ನು ನೋಡಿದ್ದು ಅದೇ ಮೊದಲು. ಆ ದಾರಿಯ ಆರಂಭದ ಹೆಜ್ಜೆಗಳಲ್ಲಿ ಹೀತ್‌ಕೋಟ್ ಶಾಫ್ಟಿನದೂ ಒಂದು.

ಕೆಜಿಎಫ್‌ನ ಆಳದ ಪ್ರಯೋಗಗಳು 1992ರ ಹೊತ್ತಿಗೆ ನಿಂತವು, ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮತ್ತೆ ಅಲ್ಲಿಗೆ ಇಳಿಯುವ ಮಾತಿಲ್ಲ. ಆದರೆ ನಮ್ಮ ಸುತ್ತಲಿನ ಆಕಾಶದ ಕೆಲಸ ನಿಂತಿಲ್ಲ. ಮೊದಲು ನಮ್ಮದೇ ಜಿಲ್ಲೆಗೆ ಸೇರಿದ್ದ ಗೌರಿಬಿದನೂರಿನಲ್ಲಿ 1970ರ ದಶಕದಿಂದ ರೇಡಿಯೊ ದೂರದರ್ಶಕವಿದೆ. ಲಡಾಖ್‌ನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಹೊಸಕೋಟೆಯಿಂದ. ಬಂಗಾರಪೇಟೆಯಿಂದ ಜೋಲಾರಪೇಟೆಯ ಕಡೆ ಹೋದರೆ ಜವಾದಿ ಬೆಟ್ಟದಲ್ಲಿ ಕಾವಲೂರಿನ ವೀಕ್ಷಣಾಲಯ ಸಿಗುತ್ತದೆ. 1977ರಲ್ಲಿ ಯುರೇನಸ್‌ಗೆ ಉಂಗುರಗಳಿವೆ ಎಂಬ ಪತ್ತೆಯಲ್ಲಿ ಅಲ್ಲಿನ ವೀಕ್ಷಣೆಗೂ ಪಾಲಿದೆ.

ಕೋಲಾರ ಜಿಲ್ಲೆಯ ವಿಜ್ಞಾನ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಬೇಡಿಕೆ. ಸೌರವ್ಯೂಹದ ಪಾಠಕ್ಕೆ ಬಂದಾಗ ಪುಸ್ತಕ ತೆರೆಯುವ ಮೊದಲು 1965ರ ಈ ಕಥೆ ಹೇಳಿ. ಮುದ್ದೆ ಮತ್ತು ರಾಗಿ ಕಾಳನ್ನು ಶಾಲೆಯ ಮೈದಾನದಲ್ಲಿ ಇಟ್ಟು ತೋರಿಸಿ. ಜನವರಿಯಲ್ಲೊಂದು ಸಂಜೆ ಮಕ್ಕಳನ್ನು ಊರಾಚೆ ಕರೆದೊಯ್ದು ಆರ್ದ್ರೆಯನ್ನು ಗುರುತಿಸಲು ಕಲಿಸಿ, ಅದಕ್ಕೆ ದೂರದರ್ಶಕ ಬೇಡ. ಗಣಿಯಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲಿದ್ದರೆ ಅವರನ್ನೂ ಶಾಲೆಗೆ ಕರೆಯಿರಿ. ಆ ಆಳ ಹೇಗಿತ್ತೆಂದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.